ಕತ್ತಲ ಪಕ್ಷದ ಕೂಸು

ಕೆಳಕೇರಿಯ ಮನೆಗಳಲ್ಲಿ ಕೆಂಪು ಎಂಬ ಮಾತು ಉಳಿದಿತ್ತು. ಕೆಂಪು ಮಾತ್ರ ಕಾಣೆಯಾಗಿತ್ತು. ಹಸಿರು, ನೀಲಿಗಳ ಗತಿಯೂ ಅದೇ. ಚಂದ್ರನ ನೆಲದಡಿಯ ಆ ಊರಿಗೆ ಇದ್ದದ್ದು ಒಂದೇ ಬೆಳಕು, ಸೋಡಿಯಂ ದೀಪದ ಹಳದಿ. ಅದರಲ್ಲಿ ಕುಂಕುಮ ಕಪ್ಪಗೆ ಕಾಣುತ್ತಿತ್ತು, ಸೊಪ್ಪು ಬೂದಿ ಬಳಿದಂತೆ ಕಾಣುತ್ತಿತ್ತು, ಎದುರು ಬಂದವರ ಮುಖ ಹಳೆಯ ಫೋಟೋದೊಳಗಿನಿಂದ ಎದ್ದು ಬಂದಂತಿರುತ್ತಿತ್ತು.

ಅಲ್ಲಿನ ಜನ ರಾಯಚೂರು ಸೀಮೆಯ ಗಣಿ ಊರುಗಳವರು. ಚಂದ್ರನಲ್ಲಿ ಸುರಂಗ ಕೊರೆಯಲು ನೆಲದಡಿ ದುಡಿದು ರೂಢಿಯಾದವರೇ ಬೇಕೆಂದು ಅವರನ್ನು ಆರಿಸಿ ಕರೆತಂದಿದ್ದರು. ಕರಾರು ಮುಗಿಯುವ ಮೊದಲೇ ಭೂಮಿಯ ದೇಶಗಳು ಒಂದರ ಮೇಲೊಂದು ಬಿದ್ದವು, ನೌಕೆಗಳು ನಿಂತವು. ಹನ್ನೆರಡು ವರ್ಷ ಯಾರ ದನಿಯೂ ಕೇಳಿಸಲಿಲ್ಲ. ಗಾಳಿ, ನೀರು, ಊಟ ಹೇಗೋ ಸಾಗಿತು. ಆದರೆ ತಂದ ಬಿಳಿ ದೀಪಗಳು ಒಂದೊಂದಾಗಿ ಕೆಟ್ಟವು. ಕಂಪ್ಯೂಟರ್ ಪರದೆಗಳಲ್ಲೂ ಮೊದಲು ಸತ್ತದ್ದು ನೀಲಿಯೇ. ಆಗ ದೀಪದ ಶೆಡ್ಡಿನವರು ಚಂದ್ರನ ಮಣ್ಣನ್ನೇ ಕಾಸಿ ಗಾಜು ಮಾಡಿದರು, ಅದೇ ಮಣ್ಣಿನಿಂದ ಸೋಡಿಯಂ ತೆಗೆದು ಗಾಜಿನ ಕೊಳವೆಗೆ ತುಂಬಿ ಕರೆಂಟು ಹರಿಸಿದರು. ಕತ್ತಲು ಹೋಯಿತು. ಜೊತೆಗೆ ಬಣ್ಣವೂ ಹೋಯಿತು.

ಚಂದ್ರನ ಹಗಲೆಂದರೆ ಭೂಮಿಯ ಹದಿನಾಲ್ಕು ದಿನ, ರಾತ್ರಿಯೂ ಅಷ್ಟೇ ಉದ್ದ. ಜನ ಅವನ್ನು ಬೆಳಕಿನ ಪಕ್ಷ, ಕತ್ತಲ ಪಕ್ಷ ಎನ್ನುತ್ತಿದ್ದರು. ಬೆಳಕಿನ ಪಕ್ಷದಲ್ಲಿ ಊರಿನ ಮೇಲ್ತುದಿಯಲ್ಲಿದ್ದ ಬಿಸಿಲಬಾವಿಯ ಬಾಗಿಲು ತೆರೆಯುತ್ತಿತ್ತು. ಅದು ದಪ್ಪ ಗಾಜಿನ ಛಾವಣಿಯ ಒಂದು ದುಂಡನೆಯ ಕೋಣೆ. ಬಾಣಂತಿಯರು, ಎಳೆಗೂಸುಗಳು, ಮುದುಕರು ಸರದಿಯಲ್ಲಿ ಹೋಗಿ ಬಿಸಿಲಿಗೆ ಮೈಯೊಡ್ಡಿ ಕೂರುತ್ತಿದ್ದರು, ಸೀರೆಯ ಅಂಚಿನ ಬಣ್ಣ ನೋಡಿಕೊಂಡು ಬರುತ್ತಿದ್ದರು. ಕತ್ತಲ ಪಕ್ಷ ಬಂದರೆ ಅಲ್ಲಿನ ಚಳಿ ತಾಳುವಂಥದ್ದಲ್ಲವೆಂದು ಬಾಗಿಲು ಮುಚ್ಚಿ ಬೀಗ ಹಾಕುತ್ತಿದ್ದರು.

ಕತ್ತಲ ಪಕ್ಷದಲ್ಲಿ ಹುಟ್ಟಿದ ಕೂಸುಗಳಲ್ಲಿ ಕೆಲವು ಉಳಿಯುತ್ತಿರಲಿಲ್ಲ. ಹುಟ್ಟುವಾಗ ಚೆನ್ನಾಗಿಯೇ ಇರುತ್ತಿದ್ದವು. ಮೂರ್ನಾಲ್ಕು ದಿನಕ್ಕೆ ಹಾಲು ಬಿಡುತ್ತಿದ್ದವು, ನಿದ್ದೆಯಲ್ಲೇ ಮುಳುಗಿರುತ್ತಿದ್ದವು, ಕೊನೆಗೆ ಬೆನ್ನು ಸೆಟೆದು ಹೋಗಿಬಿಡುತ್ತಿದ್ದವು. ಚಳಿ ಎಂದರು, ಕೆಟ್ಟ ಗಾಳಿ ಎಂದರು, ಎಲ್ಲ ಮುಗಿದ ಮೇಲೆ ಪಕ್ಷದ ದೋಷ ಎಂದರು. ಹೆಂಗಸರು ಹೆರಿಗೆ ಬೆಳಕಿನ ಪಕ್ಷಕ್ಕೆ ಬೀಳುವಂತೆ ಲೆಕ್ಕ ಹಾಕಿ ಬಸಿರಾಗುವುದನ್ನು ಕಲಿತರು. ಲೆಕ್ಕ ತಪ್ಪಿದವರು ಯಾರಿಗೂ ಹೇಳದೆ ಹೆದರಿಕೊಂಡು ಕೂರುತ್ತಿದ್ದರು.

ಸೂಗಮ್ಮನ ತಮ್ಮನ ಹೆಂಡತಿ ರಾಚಮ್ಮನ ಲೆಕ್ಕ ಎರಡನೆಯ ಸಲವೂ ತಪ್ಪಿತು. ಮೊದಲ ಕೂಸನ್ನು ಅವಳು ಹೀಗೆಯೇ ಕಳೆದುಕೊಂಡಿದ್ದಳು. ಈ ಸಲ ಬೆಳಕಿನ ಪಕ್ಷಕ್ಕೆ ಸರಿಯಾಗಿ ದಿನ ತುಂಬುವುದಿತ್ತು. ನೋವು ಬೇಗ ಬಂತು. ಸೂರ್ಯ ಮುಳುಗಿದ ಮರುದಿನ ಹೆಣ್ಣು ಕೂಸು ಹುಟ್ಟಿತು.

ಸೂಗಮ್ಮ ಕೆಳಕೇರಿಯ ಗಡಿಯಾರ ನೋಡಿಕೊಳ್ಳುವವಳು. ಭೌತಶಾಸ್ತ್ರ ಓದಿ, ಗಂಡ ತೀರಿಕೊಂಡ ಮೇಲೆ ತಮ್ಮ ಮೌನೇಶನ ಜೊತೆ ಇಲ್ಲಿಗೆ ಬಂದಿದ್ದಳು. ತಮ್ಮ ದೀಪದ ಶೆಡ್ಡಿನಲ್ಲಿ ಗಾಜು ಊದುತ್ತಿದ್ದ, ಅಕ್ಕ ಕಂಟ್ರೋಲ್ ರೂಮಿನಲ್ಲಿ ಕೂರುತ್ತಿದ್ದಳು. ಗಡಿಯಾರವೆಂದರೆ ಮುಳ್ಳಿನದಲ್ಲ. ಟ್ರಂಕಿನಷ್ಟು ದೊಡ್ಡ ಉಕ್ಕಿನ ಪೆಟ್ಟಿಗೆ. ಅದರೊಳಗೆ ಚಿಟಿಕೆಯಷ್ಟು ಸೀಸಿಯಂ ಎಂಬ ಲೋಹ. ಸೀಸಿಯಂ ಪರಮಾಣುಗಳು ರೇಡಿಯೋ ಅಲೆಗಳಲ್ಲಿ ತಮಗೆ ಸಲ್ಲುವ ಒಂದೇ ಒಂದು ಅಲೆಯನ್ನು ನುಂಗುತ್ತವೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮುಟ್ಟುವುದಿಲ್ಲ. ಆ ಹಟವನ್ನೇ ಹಿಡಿದು ಗಡಿಯಾರ ಕಾಲ ಅಳೆಯುತ್ತಿತ್ತು. ಅದರ ತಾಳಕ್ಕೆ ತಕ್ಕಂತೆ ಊರಿನ ರೇಡಿಯೋ ಕಂಬದಿಂದ ಆಕಾಶಕ್ಕೆ ಸಂಜ್ಞೆ ಹೋಗುತ್ತಿತ್ತು.

ಹನ್ನೆರಡು ವರ್ಷ ಆ ಸಂಜ್ಞೆ ಯಾರಿಗೂ ಬೇಕಿರಲಿಲ್ಲ. ಈಚೆಗೆ ಭೂಮಿಯಿಂದ ದನಿ ಬಂದಿತ್ತು. ನೌಕೆಯೊಂದನ್ನು ಸಜ್ಜು ಮಾಡುತ್ತಿದ್ದೇವೆ, ದಾರಿ ತೋರುವ ಉಪಗ್ರಹಗಳು ಈಗ ಒಂದೂ ಉಳಿದಿಲ್ಲ, ನಿಮ್ಮ ಗಡಿಯಾರದ ಸಂಜ್ಞೆ ಹಿಡಿದುಕೊಂಡೇ ಇಳಿಯಬೇಕು, ಅದನ್ನು ಜೋಪಾನ ಮಾಡಿ ಎಂದಿದ್ದರು. ಊರಿಗೆ ಊರೇ ಅತ್ತಿತ್ತು. ಮುಖ್ಯಸ್ಥ ಹಂಪನಗೌಡರು ಅಳಲಿಲ್ಲ. ಆರು ವರ್ಷದ ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಬಂದಿದ್ದ ಅವರು ಅವತ್ತಿನಿಂದ ದಿನಕ್ಕೊಮ್ಮೆ ಕಂಟ್ರೋಲ್ ರೂಮಿಗೆ ಬಂದು, ಪೆಟ್ಟಿಗೆಯ ಮೇಲೆ ಕೈಯಿಟ್ಟು, ಸರಿಯಿದೆಯೇ ಎಂದು ಕೇಳಿ ಹೋಗುತ್ತಿದ್ದರು.

ಮೂರನೆಯ ದಿನ ರಾಚಮ್ಮನ ಕೂಸು ಹಾಲು ಕುಡಿಯುವುದನ್ನು ಬಿಟ್ಟಿತು. ಅಂಗಾಲು ತಟ್ಟಿದರೂ ಕಣ್ಣು ಬಿಡದು. ಡಾಕ್ಟರ್ ಶಾಹೀನ್ ಬಂದು ಮೈಯೆಲ್ಲ ಮುಟ್ಟಿ ನೋಡಿದರು. ಜ್ವರವಿಲ್ಲ, ಉಸಿರು ಸರಿಯಿದೆ, ಹೊಕ್ಕುಳು ಒಣಗಿದೆ. ಮೊದಲ ಕೂಸಿನ ಹೊತ್ತಿಗೂ ಅವರು ಇದೇ ಮಾತು ಹೇಳಿದ್ದರು. ರಾಚಮ್ಮ ಅವರ ಮುಖ ನೋಡಲಿಲ್ಲ. ಸುಮ್ಮನೆ ಕೂಸಿನ ಬಟ್ಟೆ ಮಡಚುತ್ತ ಕೂತಿದ್ದಳು. ಅರಿಸಿನ ಹಚ್ಚಿದ ಬಟ್ಟೆ, ಒಗೆದದ್ದಾಗಿತ್ತು. ಅದನ್ನು ದೀಪಕ್ಕೆ ಹಿಡಿದು ನೋಡಿದಳು.

“ಅರಿಸಿನ ಹೋಗೈತೋ ಇಲ್ಲೋ, ಈ ಬೆಳಕಿನಾಗ ತಿಳಿಯಂಗಿಲ್ಲ ನೋಡ್ರಿ ಅಕ್ಕಾರ,” ಎಂದಳು ಸೂಗಮ್ಮನಿಗೆ. “ಹಳದಿನೂ ಬಿಳಿನೂ ಒಂದ ನಮೂನಿ ಕಾಣ್ತಾವು.”

ಶಾಹೀನರ ಕೈ ಕೂಸಿನ ಎದೆಯ ಮೇಲೆ ಇದ್ದಲ್ಲೇ ನಿಂತಿತು. ಅವರು ಆ ಬಟ್ಟೆಯನ್ನು ನೋಡಿದರು, ಆಮೇಲೆ ಕೂಸನ್ನು ನೋಡಿದರು. ಬಿಸಿಲಬಾವಿಯ ಬೀಗ ಯಾರ ಹತ್ತಿರ ಇದೆ ಎಂದು ಕೇಳಿದರು. ಮೇಲೆ ಬಿಸಿಲಿಲ್ಲವಲ್ಲ ಎಂದು ಮೌನೇಶ ಅಂದಾಗ, ಬಿಸಿಲಿಲ್ಲದಿದ್ದರೂ ಭೂಮಿ ಇದೆ ಎಂದರು.

ಕೂಸಿಗೆ ನಾಲ್ಕು ಕಂಬಳಿ ಸುತ್ತಿ, ಬಿಸಿನೀರಿನ ಬಾಟಲಿಗಳನ್ನು ಇಕ್ಕೆಲಕ್ಕೆ ಇಟ್ಟು ಶಾಹೀನ್, ಸೂಗಮ್ಮ, ಮೌನೇಶ ಮೂವರೂ ಮೇಲೆ ಹೋದರು. ಬಾಗಿಲು ತೆರೆದಾಗ ಚಳಿ ಮೂಳೆಗೆ ಇಳಿಯಿತು. ಗಾಜಿನ ಮಾಡಿನ ಆಚೆ ಕಪ್ಪು ಆಕಾಶದಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಿದ ಭೂಮಿ ನಿಂತಿತ್ತು. ಅದರ ಬೆಳಕು ಬೆಳದಿಂಗಳಿನ ಹಾಗೆ, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ, ನೆಲದ ಮೇಲೆ ಬಿದ್ದಿತ್ತು. ಶಾಹೀನ್ ತಮ್ಮ ಬಿಳಿ ಕರವಸ್ತ್ರವನ್ನು ಕೂಸಿನ ಕೆನ್ನೆಯ ಪಕ್ಕ ಇಟ್ಟರು, ಮೂಗನ್ನು ಬೆರಳಿನಿಂದ ಒತ್ತಿ ಬಿಟ್ಟರು. ರೆಪ್ಪೆ ಬಿಡಿಸಿ ಕಣ್ಣುಗುಡ್ಡೆ ನೋಡಿದರು. ಆ ಮಂಕು ಬೆಳಕಿನಲ್ಲೂ ತಿಳಿಯುವಷ್ಟು ಹಳದಿಯಾಗಿತ್ತು ಕೂಸು. ಹಣೆಯಿಂದ ಪಾದದವರೆಗೂ ಅರಿಸಿನದ ಕೊಂಬಿನ ಬಣ್ಣ.

“ಕಾಮಣಿ,” ಎಂದರು ಶಾಹೀನ್. “ಬರೇ ಕಾಮಣಿ, ಸೂಗಮ್ಮ. ಭೂಮಿ ಮ್ಯಾಲೆ ಇದಕ್ಕ ಯಾವ ಕೂಸೂ ಸಾಯಂಗಿಲ್ಲ.”

ಬಾಗಿಲು ಮುಚ್ಚಿ ಕೆಳಗಿಳಿಯುವಾಗ, ಇಷ್ಟು ದಿನ ಇದು ತಮಗೆ ಏಕೆ ತಿಳಿಯಲಿಲ್ಲವೆಂದು ಶಾಹೀನ್ ಹೇಳಿದರು. ರಕ್ತ ಪರೀಕ್ಷೆಯ ಔಷಧಿಗಳು ಎಂದೋ ಮುಗಿದಿದ್ದವು; ಕಣ್ಣೊಂದನ್ನೇ ನಂಬಿದ್ದರು. ಆ ಕಣ್ಣಿಗೆ ಸೋಡಿಯಂ ಬೆಳಕಿನಲ್ಲಿ ಹಳದಿ ಕೂಸೂ ಒಂದೇ, ಹಳದಿಯಾಗದ ಕೂಸೂ ಒಂದೇ. ಬೆಳಕಿನ ಪಕ್ಷದ ಕೂಸುಗಳು ಬಿಸಿಲಬಾವಿಯಲ್ಲಿ ಮಲಗಿ, ಯಾರೂ ಗಮನಿಸದೆಯೇ ಗುಣವಾಗುತ್ತಿದ್ದವು.

ಆ ಮಂಕು ಬೆಳಕು ಕಾಮಾಲೆಯನ್ನು ತೋರಿಸಿಕೊಟ್ಟಿತೇ ಹೊರತು ಅದನ್ನು ಕಳೆಯುವಷ್ಟು ಇರಲಿಲ್ಲ. ವೆಲ್ಡಿಂಗಿನ ಕಿಡಿ ಹಿಡಿದರಾಗದೇ ಎಂದು ಮೌನೇಶ ಕೇಳಿದ. ಅದರಲ್ಲಿ ಕಣ್ಣಿಗೆ ಕಾಣದ ಕಿರಣಗಳೂ ಸೇರಿ ಕೂಸಿನ ಚರ್ಮ ಸುಟ್ಟೀತು ಎಂದು ಶಾಹೀನ್ ಬೇಡವೆಂದರು. ಕೂಸಿನ ರಕ್ತದಲ್ಲಿ ಕೂಡುವ ಹಳದಿ ವಿಷವನ್ನು ಕಳೆಯಲು ಬೇಕಾದದ್ದು ನೀಲಿ ಬೆಳಕು, ಅದೂ ಬಿಡದೆ ಕೆಲವು ದಿನ. ಸೂರ್ಯ ಏಳಲು ಇನ್ನೂ ಹನ್ನೊಂದು ದಿನ. ಕೂಸು ಅಷ್ಟು ದಿನ ಇರುವುದಿಲ್ಲ.

ಇಡೀ ಕೆಳಕೇರಿಯಲ್ಲಿ ನೀಲಿ ಎಲ್ಲಿ ಉಳಿದಿದೆ ಎಂಬುದು ಸೂಗಮ್ಮನಿಗೆ ಆ ಮೆಟ್ಟಿಲುಗಳ ಮೇಲೆಯೇ ಹೊಳೆಯಿತು. ಹೊಳೆದದ್ದಕ್ಕೆ ಅವಳಿಗೆ ಸಂತೋಷವಾಗಲಿಲ್ಲ. ಬೇರೆ ಏನಾದರೂ ಇರಬಹುದೇ ಎಂದು ಕಂಟ್ರೋಲ್ ರೂಮಿನಲ್ಲಿ ಪೆಟ್ಟಿಗೆಯ ಎದುರು ಕೂತು ಬಹಳ ಹೊತ್ತು ಯೋಚಿಸಿದಳು. ಹಂಪನಗೌಡರು ಎಂದಿನಂತೆ ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟಾಗ, ಎದ್ದು ನಿಂತು, ಕೂಸಿಗೆ ಬೇಕಾದ ನೀಲಿ ಈ ಪೆಟ್ಟಿಗೆಯೊಳಗಿದೆ ಎಂದು ಹೇಳಿಬಿಟ್ಟಳು.

ಗೌಡರು ಸಿಟ್ಟಾಗಲಿಲ್ಲ. ಇಷ್ಟೊಂದು ದೀಪಗಳಿವೆಯಲ್ಲ, ಸೋಡಿಯಂ ದೀಪವನ್ನೇ ಇನ್ನಷ್ಟು ಕಾಸಿದರೆ ನೀಲಿ ಬರುವುದಿಲ್ಲವೇ ಎಂದು ಕೇಳಿದರು.

“ಬರಂಗಿಲ್ರಿ ಗೌಡ್ರ,” ಎಂದಳು ಸೂಗಮ್ಮ. “ಪರಮಾಣುವಿನೊಳಗ ಎಲೆಕ್ಟ್ರಾನು ನಿಲ್ಲಾಕ ಮೆಟ್ಟಿಲಿನಂಗ ಪಾವಟಿಗಿ ಅದಾವ. ನಿಂತರ ಪಾವಟಿಗಿ ಮ್ಯಾಲ ನಿಲ್ಲಬೇಕು, ನಡುವ ನಿಲ್ಲಾಕ ಬರಂಗಿಲ್ಲ. ಮ್ಯಾಲಿನ ಪಾವಟಿಗಿಯಿಂದ ಕೆಳಗ ಇಳಿದಾಗ, ಎರಡರ ನಡುವ ಎತ್ತರ ಎಷ್ಟೈತೋ ಅಷ್ಟ ಬೆಳಕಾಗಿ ಹೊರಗ ಬೀಳ್ತೈತಿ. ಸಣ್ಣ ಎತ್ತರಕ್ಕ ಕೆಂಪು, ದೊಡ್ಡದಕ್ಕ ನೀಲಿ. ಸೋಡಿಯಂ ದೀಪದಾಗ ಹೆಚ್ಚೂಕಡಿಮಿ ಎಲ್ಲಾ ಎಲೆಕ್ಟ್ರಾನೂ ಒಂದ ಪಾವಟಿಗಿ ಇಳಿತಾವ್ರಿ, ಅದು ಹಳದಿ ಅಳತಿದು. ಎಷ್ಟು ಕಾಸಿದ್ರೂ ಪಾವಟಿಗಿ ಎತ್ತರ ಬದಲಾಗಂಗಿಲ್ಲ.”

“ಕೂಸಿನ ಮೈಯಾಗಿನ ವಿಷಕ್ಕ ಆ ಹಳದಿ ಸಾಲದೇನು?”

“ಅದಕ್ಕೂ ತನ್ನದ ಅಳತಿ ಐತ್ರಿ. ಅದು ನೀಲಿ ಬೆಳಕನ್ನಷ್ಟ ನುಂಗ್ತೈತಿ. ನುಂಗಿದ್ರ ಅದರ ಆಕಾರ ತಿರುವಿ, ಉಚ್ಚಿಯಾಗ, ಹೇಲಿನಾಗ ಹೊರಗ ಹೋಗ್ತೈತಿ. ಹಳದಿ ಬಿದ್ರ ಮುಟ್ಟೂದ ಇಲ್ಲ, ಹಂಗ ತಿರುಗಿಸಿ ಕಳಸ್ತೈತಿ. ಆ ನೀಲಿಗೆ ಸರಿಯಾದ ಪಾವಟಿಗಿ ಇರೂದು ನಮ್ಮ ಹತ್ರ ಇದರಾಗ ಒಂದ.” ಅವಳು ಪೆಟ್ಟಿಗೆಯ ಕಡೆ ನೋಡಿದಳು.

ಗಡಿಯಾರವನ್ನು ನಡೆಸುವ ಅಲೆಯೂ ಆ ನೀಲಿಯೂ ಒಂದೇ ಪರಮಾಣುವಿನವು. ಒಂದು ಬಹಳ ಸಣ್ಣ ಮೆಟ್ಟಿಲು, ಇನ್ನೊಂದು ದೊಡ್ಡದು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವಂತಿರಲಿಲ್ಲ. ಸೀಸಿಯಂ ತೆಗೆಯಬೇಕೆಂದರೆ ಭೂಮಿಯಲ್ಲಿ ಬೆಸುಗೆ ಹಾಕಿ ಕಳಿಸಿದ್ದ ಕೊಳವೆಯನ್ನು ಒಡೆಯಲೇಬೇಕು.

ಒಡೆದ ಮೇಲೆ ಮತ್ತೆ ಜೋಡಿಸಲು ಬರುತ್ತದೆಯೇ ಎಂದು ಗೌಡರು ಕೇಳಿದರು. ಇಲ್ಲ ಎಂದಳು. ಕೂಸು ಉಳಿಯುವುದು ಖಾತ್ರಿಯೇ ಎಂದರು. ಅದೂ ಇಲ್ಲ ಎಂದಳು. ಬೇರೆ ಗಡಿಯಾರದಿಂದ ನೌಕೆ ಇಳಿಸಲು ಆಗದೇ ಎಂದರು. ಸ್ಫಟಿಕದ ಗಡಿಯಾರವೊಂದಿದೆ, ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ನೌಕೆಯ ಅಂದಾಜು ಮುನ್ನೂರು ಮೀಟರು ತಪ್ಪುತ್ತದೆ, ಅದು ದಿನವೂ ಅದಕ್ಕಿಂತ ಬಹಳ ಹೆಚ್ಚು ತಪ್ಪುತ್ತದೆ ಎಂದಳು. ಏನನ್ನೂ ಮುಚ್ಚಿಡಲಿಲ್ಲ.

ಒಬ್ಬರೇ ತೀರ್ಮಾನಿಸುವ ಮಾತಲ್ಲವೆಂದು ಗೌಡರು ಊರನ್ನು ಸೇರಿಸಿದರು. ದೊಡ್ಡ ಸುರಂಗದಲ್ಲಿ ಜನ ನೆರೆದರು. ಹನ್ನೆರಡು ವರ್ಷ ಕಾದದ್ದು ಇದಕ್ಕೇನು ಎಂದವರಿದ್ದರು. ತಮ್ಮನ ಕೂಸೆಂದು ಸೂಗಮ್ಮ ಹೀಗೆ ಹೇಳುತ್ತಿದ್ದಾಳೆ, ಬೇರೆಯವರದಾಗಿದ್ದರೆ ಗಡಿಯಾರದ ಮಾತು ಎತ್ತುತ್ತಿದ್ದಳೇ ಎಂದು ಯಾರೋ ಹಿಂದಿನಿಂದ ಕೇಳಿದರು. ಅವಳು ತಲೆ ತಗ್ಗಿಸಿದಳು. ಎತ್ತುತ್ತಿದ್ದೆ ಎಂದು ಹೇಳಬೇಕೆನಿಸಿತು. ನಿಜವೋ ಸುಳ್ಳೋ ಅವಳಿಗೇ ತಿಳಿಯಲಿಲ್ಲ, ಹೇಳಲಿಲ್ಲ.

ಆಗ ಎದ್ದು ನಿಂತವಳು ಯಂಕಮ್ಮ, ಎರಡು ವರ್ಷದ ಹಿಂದೆ ಕತ್ತಲ ಪಕ್ಷದಲ್ಲಿ ಗಂಡು ಕೂಸನ್ನು ಮಣ್ಣು ಮಾಡಿದವಳು.

“ನನ್ನ ಕೂಸು ಹೋದಾಗ ಯಾಕ ಹೋತು ಅಂತ ಯಾರಿಗೂ ಗೊತ್ತಿರಲಿಲ್ಲ,” ಎಂದಳು. “ಅದಕ್ಕ ನಾ ಯಾರಿಗೂ ಏನೂ ಅಂದಿಲ್ಲ. ಈಗ ಗೊತ್ತೈತಿ. ಗೊತ್ತಿದ್ದು ಕುಂತು ನೋಡೋದಾದ್ರ, ನೀವು ನೋಡ್ರಿ, ನಾ ಇಲ್ಲಿ ಇರಂಗಿಲ್ಲ.”

ಅವಳು ಸೆರಗು ಹೊದ್ದು ನಡೆದುಬಿಟ್ಟಳು. ಗಡಿಯಾರ ಒಡೆಯಲು ಒಪ್ಪುವವರು ಕೈಯೆತ್ತಲಿ ಎಂದು ಗೌಡರು ಹೇಳಿದರು; ಮೊದಲು ತಾವೇ ಎತ್ತಿದರು. ಎತ್ತದವರೂ ಇದ್ದರು, ಎತ್ತಿದವರು ಸ್ವಲ್ಪವೇ ಹೆಚ್ಚು.

ಸೀಸಿಯಂ ಗಾಳಿ ತಾಕಿದರೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ಹೊರಬಾಗಿಲಿನ ಕೋಣೆಗೆ ಸಾಗಿಸಿ, ಅಲ್ಲಿನ ಗಾಳಿಯನ್ನೆಲ್ಲ ಹೊರಗೆ ಬಿಟ್ಟು, ಮೌನೇಶ ದಪ್ಪ ಪೋಷಾಕು ತೊಟ್ಟು ಅಲ್ಲಿಯೇ ಕೆಲಸಕ್ಕಿಳಿದ. ಸೂಗಮ್ಮ ಕಿಟಕಿಯ ಈಚೆ ನಿಂತು ಯಾವ ತಿರುಪು, ಯಾವ ಬೆಸುಗೆ ಎಂದು ಹೇಳುತ್ತಿದ್ದಳು. ಅವನು ಒಳಗಿನ ಕೊಳವೆ ಒಡೆಯುತ್ತಿದ್ದಾಗ, ಕಂಟ್ರೋಲ್ ರೂಮಿನಲ್ಲಿ ಅಂಕಿಗಳು ನಿಂತಿವೆ ಎಂದು ಯಾರೋ ಬಂದು ಹೇಳಿದರು. ಅವಳು ತಿರುಗಿ ನೋಡಲಿಲ್ಲ.

ಮೊದಲ ಗಾಜಿನ ನಳಿಗೆ ಬಿಸಿಗೆ ಸೀಳಿತು, ಸೀಸಿಯಂನ ಅರ್ಧ ಪಾಲು ಆವಿಯಾಗಿ ಹೋಯಿತು. ಮೌನೇಶ ಕೈಗವಸಿನಲ್ಲಿ ಚೂರುಗಳನ್ನು ಒಟ್ಟುಮಾಡಿದ. ಸೂಗಮ್ಮ ರೇಡಿಯೋದಲ್ಲಿ ಮೆಲ್ಲಗೆ, ಇನ್ನರ್ಧ ಐತಿ ತಮ್ಮಾ, ಎಂದಳು. ಅವನು ಗಾಜಿನ ದಪ್ಪ ಬದಲಿಸಿದ, ನಿಧಾನವಾಗಿ ಕಾಸಿದ. ಎರಡನೆಯದು ನಿಂತಿತು, ಮೂರನೆಯದೂ ನಿಂತಿತು.

ದೀಪಗಳನ್ನು ರಾಚಮ್ಮನ ಮಗ್ಗುಲಲ್ಲಿ ಹೊತ್ತಿಸಿದರು. ಸೀಸಿಯಂ ದೀಪದಿಂದ ಬರುವುದರಲ್ಲಿ ಬಹುಪಾಲು ಕಣ್ಣಿಗೆ ಕಾಣದ ಶಾಖವೇ. ನೀಲಿ ಅದರೊಳಗಿನ ಒಂದು ಪಾಲು. ಆದ್ದರಿಂದ ಗಾಜಿನ ತಟ್ಟೆಯಲ್ಲಿ ನೀರು ನಿಲ್ಲಿಸಿ ಶಾಖ ತಡೆದು, ದೀಪಗಳನ್ನು ಆದಷ್ಟು ಹತ್ತಿರ ಇಟ್ಟರು. ಕೂಸಿನ ಕಣ್ಣಿಗೆ ಬಟ್ಟೆ ಕಟ್ಟಿ ಬರಿಮೈಯಲ್ಲಿ ಮಲಗಿಸಿದರು. ಕೋಣೆಯ ಹಳದಿಗೆ ಆ ನೀಲಿ ಬೆರೆತಾಗ ಗೋಡೆಗಳು ಬೆಳ್ಳಗಾದವು. ನೆರೆಮನೆಯವರು ಬಾಗಿಲಲ್ಲಿ ನಿಂತು ತಮ್ಮ ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. ರಾಚಮ್ಮ ಯಾವ ಬಣ್ಣವನ್ನೂ ನೋಡಲಿಲ್ಲ. ಅವಳ ಕಣ್ಣು ಕೂಸಿನ ಹೊಟ್ಟೆ ಏರಿಳಿಯುವುದರ ಮೇಲಿತ್ತು.

ಎರಡು ದಿನ ಏನೂ ಬದಲಾಗಲಿಲ್ಲ. ಶಾಹೀನ್ ಹಾಲು ಹಿಂಡಿಸಿ ಹನಿಹನಿಯಾಗಿ ಕುಡಿಸಿದರು. ಸೂಗಮ್ಮ ಮತ್ತು ಮೌನೇಶ ಸರದಿಯಲ್ಲಿ ದೀಪದ ಮುಂದೆ ಕೂತರು. ಗಡಿಯಾರವನ್ನೂ ಕೊಂದೆ, ಕೂಸನ್ನೂ ಉಳಿಸಲಿಲ್ಲ ಎಂಬ ಮಾತು ಸೂಗಮ್ಮನ ಬಾಯಿಯವರೆಗೆ ಬಂದು ನಿಲ್ಲುತ್ತಿತ್ತು. ಮೂರನೆಯ ದಿನ ಅವಳು ನೀರಿನ ತಟ್ಟೆ ಬದಲಿಸುತ್ತಿದ್ದಾಗ ಹಿಂದಿನಿಂದ ರಾಚಮ್ಮನ ದನಿ ಕೇಳಿತು.

“ಅಕ್ಕಾರ. ಜಗ್ಗಾಕತ್ತೈತಿ.”

ಕೂಸು ತಾನೇ ಎದೆ ಹುಡುಕಿಕೊಂಡು ಹಾಲು ಜಗ್ಗುತ್ತಿತ್ತು. ರಾಚಮ್ಮ ಅಳುತ್ತಿರಲಿಲ್ಲ, ಅಲುಗಾಡುತ್ತಲೂ ಇರಲಿಲ್ಲ. ಅಲುಗಿದರೆ ಎಲ್ಲಿ ಬಿಟ್ಟುಬಿಡುತ್ತದೋ ಎಂಬಂತೆ ಉಸಿರು ಬಿಗಿಹಿಡಿದು ಕೂತಿದ್ದಳು. ಸೂಗಮ್ಮ ತಟ್ಟೆಯನ್ನು ನೆಲಕ್ಕಿಟ್ಟು ಗೋಡೆಗೆ ಒರಗಿ ಕುಳಿತಳು.

ಸೂರ್ಯ ಎದ್ದ ದಿನ ಕೂಸನ್ನು ಬಿಸಿಲಬಾವಿಗೆ ಒಯ್ದರು. ಬಿಳಿ ಬಿಸಿಲಿನಲ್ಲಿ ಅದರ ಮೈ ಎಣ್ಣೆಗೆಂಪಾಗಿತ್ತು. ಶಾಹೀನ್ ಕಣ್ಣುಗುಡ್ಡೆ ನೋಡಿ ತಲೆಯಾಡಿಸಿದರು, ಅಲ್ಲೇ ಒಂದು ಮೂಲೆಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ಅವರು ಯಾವ ಯಾವ ಕೂಸುಗಳನ್ನು ನೆನೆಯುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಹತ್ತಿರ ಹೋಗಲಿಲ್ಲ.

ನೌಕೆ ಬಂದದ್ದು ಕೂಸು ಅಂಬೆಗಾಲಿಡುವ ಹೊತ್ತಿಗೆ, ಒಂದು ಕತ್ತಲ ಪಕ್ಷದ ನಡುವೆ. ಬೆಳಕಿಗಾಗಿ ಕಾಯುವಷ್ಟು ಇಂಧನ ಅದರಲ್ಲಿರಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಹಂಪನಗೌಡರು ಗಡ್ಡ ಬೋಳಿಸಿಕೊಂಡು, ಜೋಪಾನ ಮಾಡಿಟ್ಟಿದ್ದ ಧೋತರ ಉಟ್ಟು ಕೂತಿದ್ದರು. ಸೂಗಮ್ಮ ಸ್ಫಟಿಕದ ಗಡಿಯಾರದಿಂದ ಸಂಜ್ಞೆ ಕಳಿಸುತ್ತಿದ್ದಳು. ತಿಂಗಳುಗಟ್ಟಲೆ ತಿದ್ದಿದ್ದರೂ ಅದು ಹಿಂದುಮುಂದಾಗುತ್ತಿತ್ತು. ಸೀಸಿಯಂ ಗಡಿಯಾರ ಒಡೆದ ಸುದ್ದಿಯನ್ನು ಭೂಮಿಗೆ ಕಳಿಸಿದ್ದರು, ಮುಟ್ಟಿದ ಸುಳಿವು ಬಂದಿರಲಿಲ್ಲ.

ನೌಕೆಯ ನಾಯಕಿ ಹಿಂದಿಯಲ್ಲಿ ಕೇಳಿದಳು: ನಿಮ್ಮ ಸಂಜ್ಞೆ ಪ್ರತಿ ಸುತ್ತಿಗೂ ಬೇರೆ ಜಾಗ ತೋರಿಸುತ್ತಿದೆ, ಸೀಸಿಯಂ ಗಡಿಯಾರ ಏನಾಯಿತು? ಸೂಗಮ್ಮ ತನಗೆ ಬಂದ ಹಿಂದಿಯಲ್ಲಿ, ಅದನ್ನು ಒಡೆದು ಒಂದು ಕೂಸಿಗೆ ದೀಪ ಮಾಡಿದೆವು ಎಂದಳು. ನೌಕೆ ಚಂದ್ರನ ಬೆನ್ನ ಹಿಂದೆ ಹೋಗಿ ಮತ್ತೆ ಮೂಡಿದ ಮೇಲೆ ದನಿ ಬಂತು. ಕೂಸು ಬದುಕಿದೆಯೇ ಎಂದು ಕೇಳಿದಳು. ಬದುಕಿದೆ ಎಂದ ಮೇಲೆ ಒಳ್ಳೆಯದು ಎಂದಳು. ಆಮೇಲೆ, ನೌಕೆಯಲ್ಲಿರುವವರ ಜೀವ ತನ್ನ ಕೈಯಲ್ಲಿದೆ, ಗುಡ್ಡಗಳ ನಡುವೆ ಕತ್ತಲಲ್ಲಿ ಇಂಥ ಸಂಜ್ಞೆ ನಂಬಿ ಇಳಿಸಲಾರೆ ಎಂದಳು. ಸಾಮಾನಿನ ಪೆಟ್ಟಿಗೆಯೊಂದನ್ನು ಅಂದಾಜಿನ ಮೇಲೆ ಬಿಡುತ್ತೇನೆ, ಸೂರ್ಯ ಎದ್ದಾಗ ಹುಡುಕಿಕೊಳ್ಳಿ. ಇನ್ನೊಂದು ನೌಕೆ ಬರಬಹುದು, ಯಾವಾಗೆಂದು ಹೇಳಲಾರೆ ಎಂದಳು.

ಹೋಗುವ ಮುನ್ನ ಗೌಡರಿಗೆಂದು ತಂದಿದ್ದ ಒಂದು ಧ್ವನಿ ಮುದ್ರಿಕೆಯನ್ನು ಕೇಳಿಸಿದಳು. ಬೆಳೆದು ದೊಡ್ಡವಳಾದ ಹೆಣ್ಣಿನ ದನಿ. “ಅಪ್ಪಾ, ಮನಿ ಮುಂದಿನ ಬೇವಿನ ಗಿಡ ಹಂಗ ಐತಿ. ಬಾ.” ಅಷ್ಟೇ ಇತ್ತು. ಆಮೇಲೆ ಬರೀ ಸರಸರ ಸದ್ದು, ಅದೂ ಕ್ಷೀಣವಾಗಿ ನಿಂತಿತು.

ಸೂಗಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ಗೌಡರ ಕಡೆ ತಿರುಗುವ ಧೈರ್ಯ ಅವಳಿಗಿರಲಿಲ್ಲ. ಅವರು ಎದ್ದದ್ದು, ಬಾಗಿಲು ತೆರೆದದ್ದು, ಹೆಜ್ಜೆ ಓಣಿಯಲ್ಲಿ ದೂರವಾದದ್ದು ಕೇಳಿಸಿತು. ತಾನು ಮಾಡಿದ್ದು ತಪ್ಪೆಂದು ಅವಳಿಗೆ ಅನಿಸಲಿಲ್ಲ. ಸರಿಯೆಂದು ನೆಮ್ಮದಿಯೂ ಆಗಲಿಲ್ಲ. ಎರಡೂ ಇಲ್ಲದ ಜಾಗದಲ್ಲಿ ಅವಳು ಬಹಳ ಹೊತ್ತು ಕೂತಿದ್ದಳು.

ಮತ್ತೆ ಬಾಗಿಲು ತೆರೆದಾಗ ಅಲ್ಲಿದ್ದವರು ಗೌಡರೇ. ಧೋತರ ಬದಲಿಸಿ ದಿನದ ಬಟ್ಟೆ ಹಾಕಿಕೊಂಡಿದ್ದರು. ಎರಡು ಕೈಗಳಲ್ಲಿ, ಹಳೆಯ ಕಂಬಳಿಯಲ್ಲಿ ಸುತ್ತಿದ ಸೀಸಿಯಂ ದೀಪವನ್ನು ಎದೆಗವಚಿ ಹಿಡಿದಿದ್ದರು. ಕಣ್ಣು ಬಾತಿದ್ದವು.

“ದೀಪದ ಶೆಡ್ಡಿನ ಹುಸೇನಪ್ಪನ ಹೆಂಡತಿಗೆ ನೋವು ಬಂದಾವಂತವ್ವ,” ಎಂದರು. “ಡಾಕ್ಟರ್ ಅಲ್ಲೇ ಅದಾರ. ಇದನ್ನ ಹಚ್ಚಾಕ ನೀನ ಬರಬೇಕು.”

ಸೂಗಮ್ಮ ಎದ್ದು ದೀಪಕ್ಕೆ ಕೈ ಚಾಚಿದಳು. ಅವರು ಕೊಡಲಿಲ್ಲ.

“ಇರಲಿ, ನಾ ಹಿಡ್ಕೊಂಡೀನಿ. ನೀ ಮುಂದ ನಡಿ, ದಾರಿ ನೋಡಿ ಹೇಳು. ಜೋಲಿ ಹೊಡದ್ರ ಒಡದೀತು.”

ಅವಳು ಮುಂದೆ ನಡೆದಳು. ಓಣಿ ಇಕ್ಕಟ್ಟಾದಲ್ಲಿ ನಿಂತು, ಇಲ್ಲಿ ಮೆಟ್ಟಿಲು ಐತ್ರಿ ಗೌಡ್ರ, ಎಂದಳು. ಅವರು ನಿಧಾನವಾಗಿ ಕಾಲು ಇಳಿಸಿದರು.